ಹಸಿರು ಸೀರೆ ಉಟ್ಟವಳ ಕೈಗೆ

ಉದ್ಯಾನಕ್ಕೆ ಹೋದವರು ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬಂದದ್ದನ್ನು ಕೇಳಿದ್ದೀರಾ? ನಾನು ಬಂದಿದ್ದೇನೆ. ಮರೆತು ಬಂದದ್ದಲ್ಲ, ಓಡಿ ಬಂದದ್ದು. ನಲವತ್ತೇಳು ವರ್ಷದ ಹೆಂಗಸು, ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್, ಎಂಟು ಜನ ಗುಮಾಸ್ತರನ್ನು ಹದ್ದುಬಸ್ತಿನಲ್ಲಿ ಇಟ್ಟವಳು, ಭಾನುವಾರ ಬೆಳಿಗ್ಗೆ ಕಲಬುರಗಿಯ ಕುಸನೂರ ರಸ್ತೆಯಲ್ಲಿ ಕೆಸರುಗಾಲಲ್ಲಿ ನಿಂತು ಆಟೋಗೆ ಕೈ ಮಾಡಿದೆ. ಆಟೋದವನು ನನ್ನ ಪಾದ ನೋಡಿ, "ಗುಡಿಯಿಂದ ಬಂದ್ರೇನ್ರಿ ಅಕ್ಕಾರ?" ಎಂದು ಕೇಳಿದ. ಹೂಂ ಎಂದೆ. ನಾಚಿಕೆಯಾದಾಗ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ನನ್ನ ಮಗಳು ಸೃಷ್ಟಿ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಆ ವಿಷಯ ಓದುವ ಹುಡುಗಿಯರಿಗೆ ಪ್ರಯೋಗಕ್ಕೆ ಮೊದಲು ಸಿಗುವವಳು ತಾಯಿ. "ಮಮ್ಮಿ, ನಿನಗ ಸಿಟ್ಟು ಭಾಳ, ಉಸಿರು ಎಣಿಸು" ಎಂದು ಒಂದು ದಿನ, "ಮಮ್ಮಿ, ರೊಟ್ಟಿ ತಿನ್ನುವಾಗ ರೊಟ್ಟಿ ಮ್ಯಾಲೇ ಲಕ್ಷ್ಯ ಇಡು" ಎಂದು ಇನ್ನೊಂದು ದಿನ. ಜೋಳದ ರೊಟ್ಟಿಯ ಮೇಲೆ ಲಕ್ಷ್ಯವಿಲ್ಲದೆ ಯಾರಾದರೂ ತಿನ್ನುತ್ತಾರೆಯೇ? ಹೀಗಿರುವಾಗ ಕುಸನೂರ ಕಡೆ ಹೊಸದೊಂದು ಉದ್ಯಾನ ಆಯಿತು. ಕಣ್ಣಿಂದ ನೋಡುವ ಉದ್ಯಾನವಲ್ಲ. ಮುಟ್ಟುವ, ಮೂಸುವ, ಕೇಳುವ ಉದ್ಯಾನ. ಬರಿಗಾಲಲ್ಲಿ ನಡೆಯಬೇಕು, ಫೋನು ಒಳಗಿಡಬೇಕು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಗ್ಗ ಹಿಡಿದು ಒಂದು ಸುತ್ತು ಬರಬೇಕು. ಹಾಗೆ ಬಂದರೆ ಮನಸ್ಸು ತಣ್ಣಗಾಗುತ್ತದಂತೆ. ಸೃಷ್ಟಿ ಭಾನುವಾರಗಳಂದು ಅಲ್ಲಿ ಬಂದವರನ್ನು ನಡೆಸುವ ಕೆಲಸ ಮಾಡುತ್ತಿದ್ದಳು. ಮೂರು ವಾರದಿಂದ ನನ್ನ ಬೆನ್ನು ಹತ್ತಿದ್ದಳು. ಈ ಭಾನುವಾರ ಮಾತ್ರ, "ಹತ್ತು ಗಂಟೆಗೇ ಬರಬೇಕು, ಹಿಂದ ಮುಂದ ಆಗಬಾರದು" ಎಂದು ಪಟ್ಟು ಹಿಡಿದಳು. ಯಾಕೆ ಎಂದು ನಾನು ಕೇಳಲಿಲ್ಲ.

ಗೇಟಿನಲ್ಲಿ "ಇಲ್ಲಿ ಅವಸರ ಬೇಡ" ಎಂಬ ಫಲಕ. ಅದನ್ನು ಓದಿಯೇ ನನಗೆ ಅರ್ಧ ಸಿಟ್ಟು ಬಂತು. ಚಪ್ಪಲಿ ಇಟ್ಟು ಬಿಲ್ಲೆ ತೆಗೆದುಕೊಂಡೆ. ಅಲ್ಲಿನ ಮಾಲಿ ಗುಲಾಮ್ ರಸೂಲ್, ಬಿಳಿ ಗಡ್ಡದ ನಿಧಾನದ ಮನುಷ್ಯ, ಕೈಯಲ್ಲಿ ಒಗೆದ ಬಟ್ಟೆಯ ಪಟ್ಟಿಗಳನ್ನು ಹಿಡಿದು ನಿಂತಿದ್ದ.

"ಸಲಾಂ ಅಮ್ಮಾ. ಹಗ್ಗ ಬಿಡಬ್ಯಾಡ್ರಿ, ಜಲ್ದಿ ಮಾಡಬ್ಯಾಡ್ರಿ. ಕಾಲು ಹೇಳ್ತಾವ ಎಲ್ಲಿ ಇದ್ದೀರಿ ಅಂತ," ಎಂದ.

"ನಾನು ಕಮಲಾಪುರದಾಕಿ ಇದ್ದೀನಿ ಸಾಬರ. ಇಪ್ಪತ್ತು ವರ್ಷ ಕೆಸರೇ ತುಳದೀನಿ," ಎಂದೆ.

"ಆಗ ಕಣ್ಣು ತೆರಕೊಂಡು ತುಳದೀರಿ," ಎಂದು ನಕ್ಕ. ಸೃಷ್ಟಿ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದಳು.

ಮೊದಲು ಮರಳು ಬಂತು. ಆಮೇಲೆ ನುಣ್ಣನೆಯ ಗುಂಡುಕಲ್ಲುಗಳು, ಆಮೇಲೆ ಹುಲ್ಲು. ಹತ್ತು ಹೆಜ್ಜೆಯಲ್ಲೇ ನನ್ನ ಗತ್ತು ಇಳಿಯಿತು. ಎದುರಿಗೆ ಏನೂ ಇಲ್ಲ ಎಂದು ಗೊತ್ತಿದ್ದರೂ ಏನೋ ಇದೆ ಎಂದು ಮೈ ಹಿಂದಕ್ಕೆ ಜಗ್ಗುತ್ತಿತ್ತು. ಒಂದು ಕಡೆ ಕಲ್ಲಿನ ಮೇಲಿಂದ ನೀರು ಇಳಿಯುವ ಸಪ್ಪಳ. ಅದು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯಲಿಲ್ಲ. ಮುಂದೆ ಕಾಲಿಗೆ ತಣ್ಣನೆ ಕೆಸರು ಸಿಕ್ಕಿತು. ಅದರ ಪಕ್ಕದಲ್ಲೇ ಒಣ ಬಾಳೆ ಎಲೆ ಗಾಳಿಗೆ ಬಡಿದುಕೊಳ್ಳುವ ಸದ್ದು. ಅಲ್ಲಿ ಬಾಳೆ ಹಚ್ಚಿದ್ದರು. ಆ ಸದ್ದು ಕೇಳಿದ್ದೇ ನಮ್ಮ ತೋಟ ನೆನಪಾಯಿತು, ತೋಟದ ಹಿಂದೆಯೇ ಅಣ್ಣ ನೆನಪಾದ. ಮನಸ್ಸು ತಣ್ಣಗಾಗಲು ಬಂದವಳಿಗೆ ಅಲ್ಲೇ ಮೈ ಉರಿಯಿತು.

ಅಣ್ಣ ಎಂದರೆ ಸೂಗಪ್ಪ. ಕಮಲಾಪುರದಲ್ಲಿ ನಮ್ಮ ಕೆಂಬಾಳೆ ತೋಟ ಮಾಡಿಕೊಂಡಿರುವವನು, ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಬೇಗ ತೀರಿಕೊಂಡ ಮೇಲೆ ನನ್ನನ್ನು ಕಲಬುರಗಿಯ ಹಾಸ್ಟೆಲಿಗೆ ಸೇರಿಸಿದವನು ಅವನೇ. ಮೂರು ವರ್ಷ ಪ್ರತಿ ಸೋಮವಾರ ಕಮಲಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೆ ರೊಟ್ಟಿ ಗಂಟು ಕಳಿಸಿದ. ಅಂಥ ಅಣ್ಣನ ಜೊತೆ ನಾನು ಒಂದೂವರೆ ವರ್ಷದಿಂದ ಮಾತು ಬಿಟ್ಟಿದ್ದೆ.

ಕಾರಣ ನಮ್ಮ ಗೃಹಪ್ರವೇಶ. ನಮ್ಮಲ್ಲಿ ಅಂಥ ದಿನ ಬಂಧುಗಳು ಬಟ್ಟೆಯ ಉಡುಗೊರೆ, ಅಂದರೆ ಆಯೇರಿ, ಮಾಡುತ್ತಾರೆ. ಎಲ್ಲರಿಗಿಂತ ಮೊದಲು ತವರಿನದು. ಅಣ್ಣ ಎಲ್ಲರೆದುರು ತಂಗಿಯ ಸೆರಗಿಗೆ ಸೀರೆ ಹಾಕಬೇಕು, ಉಳಿದವರದು ಆಮೇಲೆ. ತವರು ಗಟ್ಟಿಯಾಗಿದೆ ಎಂದು ಗಂಡನ ಮನೆಯವರಿಗೆ ತೋರಿಸುವ ಗಳಿಗೆ ಅದು. ಆ ದಿನ ನಾನೂ ನನ್ನ ಮೈದುನನ ಹೆಂಡತಿ ಮಹಾನಂದಾಳೂ ಒಂದೇ ಅಂಗಡಿಯ, ಒಂದೇ ಬಣ್ಣದ ಹಸಿರು ರೇಷ್ಮೆ ಸೀರೆ ಉಟ್ಟಿದ್ದೆವು. ಫೋಟೋದಲ್ಲಿ ಚೆಂದ ಕಾಣುತ್ತದೆ ಎಂದು ಸೃಷ್ಟಿಯೇ ಆರಿಸಿದ್ದಳು. ಮೈದುನ ಕರೆಂಟ್ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಅಣ್ಣ ಆಗ ತೋಟದ ಬೋರ್‌ವೆಲ್ಲಿಗೆ ಟ್ರಾನ್ಸ್‌ಫಾರ್ಮರ್ ಹಾಕಿಸಿಕೊಳ್ಳಲು ಓಡಾಡುತ್ತಿದ್ದ. ಇದಿಷ್ಟು ಗೊತ್ತಿರಲಿ.

ಯಾರೋ "ತವರುಮನಿ ಆಯೇರಿ ಬರ್ಲಿ!" ಎಂದು ಕೂಗಿದರು. ಅಣ್ಣ ಎರಡೂ ಕೈಯಲ್ಲಿ ತಾಟು ಹಿಡಿದು ಬಂದ. ನಾನು ಸೆರಗೊಡ್ಡಿ ನಿಂತಿದ್ದೆ. ಅವನು ನನ್ನನ್ನು ದಾಟಿ, ಪಕ್ಕದಲ್ಲಿ ಆರತಿ ಮುಗಿಸಿ ನಿಂತಿದ್ದ ಮಹಾನಂದಾಳ ಕೈಗೆ ಸೀರೆ ಇಟ್ಟ.

ಹಿಂದಿನಿಂದ ಒಬ್ಬ ಹೆಂಗಸು, "ಸಾಹೇಬರ ಹೆಂಡ್ತಿಗಿ ಮೊದಲು ನೋಡ್ರಿ!" ಎಂದಳು. ನಗೆ ಎದ್ದಿತು. ಮಹಾನಂದಾ ಕೂಡ ಬಾಯಿಗೆ ಸೆರಗು ಹಿಡಿದು ನಕ್ಕಳು. ನನ್ನ ಹೊಸ ಮನೆಯ ನಡುಮನೆಯಲ್ಲಿ ನಲವತ್ತು ಜನರೆದುರು ನನ್ನ ಒಡ್ಡಿದ ಸೆರಗು ಖಾಲಿ ಉಳಿಯಿತು.

"ಕಣ್ಣು ಹೋಗ್ಯಾವೇನು ನಿನ್ನವು?" ಎಂದು ಕೂಗಿದೆ. "ಇಲ್ಲಾ ಟ್ರಾನ್ಸ್‌ಫಾರ್ಮರ್ ಆಸೆಗಿ ಒಡಹುಟ್ಟಿದಾಕಿನ್ನೇ ಮರ್ತಿ?"

"ತಪ್ಪಾತು ತಂಗಿ," ಎಂದು ಅಣ್ಣ ಸೀರೆ ಮರಳಿ ತೆಗೆದುಕೊಳ್ಳಲು ಕೈ ಚಾಚಿದ. ಅವನ ಕೈ ಸೀರೆಯ ಹತ್ತಿರ ಹೋಗದೆ ಗಾಳಿಯಲ್ಲಿ ಆಡಿತು. ಅದನ್ನೂ ನಾನು ನಾಟಕ ಎಂದುಕೊಂಡೆ.

ಮರುದಿನ ಆ ಸೀರೆಯನ್ನು ಮಹಾನಂದಾಳಿಂದ ತರಿಸಿ, ಕಾಗದದಲ್ಲಿ ಸುತ್ತಿ, ಕಮಲಾಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಬಸ್ ಸ್ಟ್ಯಾಂಡಿನ ಎದುರಿನ ನೀಲಕಂಠನ ಚಹಾದಂಗಡಿಗೆ ಮುಟ್ಟಿಸಲು ಹೇಳಿದೆ. ಒಳಗೆ ಒಂದು ಚೀಟಿ ಇಟ್ಟೆ: "ಇದನ್ನು ಯಾರಿಗೆ ತಂದಿದ್ದೆಯೋ ಅವರಿಗೇ ಕೊಡು. ನನಗೆ ತವರು ಇಲ್ಲ." ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿ ಬರೆದಿದ್ದೇನೆ ಎಂದು ಸಂತೋಷವೂ ಆಗಿತ್ತು.

ಆ ವರ್ಷದ ನಾಗರಪಂಚಮಿಗೆ ಅಣ್ಣ, ಅವನ ಹೆಂಡತಿ ಶಂಕ್ರಮ್ಮ ವೈನಿ ಇಬ್ಬರೂ ನನ್ನನ್ನು ತವರಿಗೆ ಕರೆಯಲು ಬಂದರು. ಕೆಂಬಾಳೆಯ ಎರಡು ಚಿಪ್ಪು ತಂದಿದ್ದರು. ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ತಲೆನೋವು ಎಂದು ಗಂಡನ ಕೈಲಿ ಹೇಳಿಸಿದೆ. ತಾಸು ಕೂತು ಹೊರಟರು. ಹೋಗುವಾಗ ಅಣ್ಣ ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿಗೆ ಎಡವಿದ. ಕಿಟಕಿಯಿಂದ ನೋಡಿ, ಜನರ ಕನಿಕರ ಗಿಟ್ಟಿಸಲು ಹೀಗೆ ಮಾಡುತ್ತಾನೆ ಎಂದೆ. ಅವರು ಹೋದ ಮೇಲೆ ಹಣ್ಣು ಮಾತ್ರ ಎರಡು ತಿಂದೆ.

ಇದೆಲ್ಲ ಕೆಸರಿನಲ್ಲಿ ನಿಂತು ನೆನೆಯುತ್ತಿದ್ದಾಗ ಗುಲಾಮ್ ರಸೂಲನ ದನಿ ಹತ್ತಿರ ಬಂತು. "ಅಮ್ಮಾ, ಕೈ ಮುಂದ ಮಾಡ್ರಿ." ನನ್ನ ಅಂಗೈಗೆ ಒಂದು ಎಸಳು ಇಟ್ಟ. ಮೂಸಿದೆ, ದವನ. "ಇದನ್ನ ನಿಮ್ಮ ಮಗಳ ಕೈಯಾಗ ಕೊಡ್ರಿ. ಇಲ್ಲೇ ಇದ್ದಾಳ. ಆಹಿಸ್ತಾ, ಸಾವಕಾಶ."

ಇದೇನು ದೊಡ್ಡ ಮಾತು? ಹೆತ್ತ ಮಗಳು ನನಗೆ ತಿಳಿಯುವುದಿಲ್ಲವೇ? ಬಲಗಡೆ ಬಳೆ ಸದ್ದಾಯಿತು, ಅವಳದೇ ತಲೆಎಣ್ಣೆಯ ವಾಸನೆ ಬಂತು. ಎರಡು ಹೆಜ್ಜೆ ಹೋಗಿ, ಸಿಕ್ಕ ಕೈ ಹಿಡಿದು, "ಹಿಡಿ ಸೃಷ್ಟಿ, ಆತಿಲ್ಲೋ ನಿನ್ನ ಆಟ?" ಎಂದು ದವನ ತುರುಕಿದೆ.

ಸುತ್ತ ನಗೆ ಎದ್ದಿತು. ಬಟ್ಟೆ ಸರಿಸಿ ನೋಡಿದರೆ ಯಾವುದೋ ಅಪರಿಚಿತ ಹುಡುಗಿ ದವನ ಹಿಡಿದು ನಿಂತಿದ್ದಾಳೆ. ಸೃಷ್ಟಿ ಎಡಗಡೆ, ನನ್ನಿಂದ ಒಂದು ಗೇಣು ದೂರದಲ್ಲೇ ಇದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಮನಸ್ಸು ಹಗುರವಾಗಿತ್ತು. ಸೃಷ್ಟಿ ಮಾತ್ರ ನಗಲಿಲ್ಲ. ಅವಳು ನನ್ನ ಹೆಗಲ ಆಚೆ ಹಾದಿಯನ್ನು ನೋಡುತ್ತಿದ್ದಳು.

ನಾನೂ ತಿರುಗಿ ನೋಡಿದೆ. ಹಾದಿಯ ತುದಿಯಲ್ಲಿ ಅಣ್ಣ ಬರುತ್ತಿದ್ದ.

ಬಿಳಿ ಧೋತರ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದ. ಬಲಗೈ ಹಗ್ಗದ ಮೇಲೆ. ಹಿಂದೆ ಶಂಕ್ರಮ್ಮ ವೈನಿ. ಮಗಳು ನನ್ನನ್ನು ಬಲೆಗೆ ಕೆಡವಿದ್ದಾಳೆ ಎಂದು ಹೊಳೆದದ್ದೇ ನನ್ನ ನಗು ಹೋಗಿ ಮುಖ ಬಿಗಿಯಿತು. ಅವನೇ ಮೊದಲು ಮಾತಾಡಲಿ, ನಾನಂತೂ ಆಡುವುದಿಲ್ಲ ಎಂದು ಹಾದಿಯ ನಡುವೆಯೇ ಗಟ್ಟಿಯಾಗಿ ನಿಂತೆ.

ಗುಲಾಮ್ ರಸೂಲ್ ಬಟ್ಟೆಯ ಪಟ್ಟಿ ಹಿಡಿದು ಅವನ ಬಳಿ ಹೋದ. "ಕಾಕಾ, ಕಣ್ಣಿಗಿ ಕಟ್ಟಿಸ್ಕೋರಿ. ಇಲ್ಲಿ ಎಲ್ಲರಿಗೂ ಕಟ್ಟತೀವಿ."

"ನನಗ ಬ್ಯಾಡ ಸಾಬರ," ಎಂದ ಅಣ್ಣ. "ನನಗ ದೇವರೇ ಕಟ್ಟಿ ಕಳಿಸ್ಯಾನ."

ಸಾಬರ ಕೈ ಅಲ್ಲೇ ನಿಂತಿತು. ಅಣ್ಣ ಮುಂದೆ ಬಂದ. ಮರಳು, ಕಲ್ಲು, ಹುಲ್ಲು, ನಾನು ತಡವರಿಸಿದ ಕಡೆಯೆಲ್ಲ ಅವನು ಸಮನಾಗಿ ನಡೆದು ಬಂದ. ಕಣ್ಣು ತೆರೆದಿದ್ದವು, ನನ್ನ ಮುಖದ ಮೇಲೇ ಇದ್ದವು. ಎರಡು ಮೊಳ ದೂರಕ್ಕೆ ಬಂದರೂ ಆ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನು ನನ್ನನ್ನು ಕಂಡು ಮುಖ ತಿರುಗಿಸಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಅವನ ಚಾಚಿದ ಎಡಗೈಗೆ ನನ್ನ ಸೆರಗಿನ ಅಂಚು ತಾಗಿತು. ನಿಂತ.

"ಯಾರೋ ನಿಂತೀರಿ," ಎಂದ. "ಜರಾ ಹಾದಿ ಬಿಡ್ರಿ ತಾಯಿ."

ನನ್ನ ಅಣ್ಣ ನನಗೆ ಬಹುವಚನ ಹಚ್ಚಿದ. ಗುರುತಿಲ್ಲದ ಹೆಂಗಸಿಗೆ ಹಚ್ಚುವಂತೆ. ಬಾಯಿ ತೆರೆದರೆ ನನ್ನ ದನಿ ಅವನಿಗೆ ಗೊತ್ತಾಗುತ್ತದೆ. ಒಂದು ಮಾತು ಸಾಕಿತ್ತು, "ಅಣ್ಣಾ" ಎಂಬ ಎರಡಕ್ಷರ ಸಾಕಿತ್ತು. ನಾನು ಉಸಿರು ಹಿಡಿದು, ಸೆರಗು ಎಳೆದುಕೊಂಡು, ಹುಲ್ಲಿನ ಮೇಲೆ ಸರಿದು ನಿಂತೆ. ಅವನು ಹಾದು ಹೋದ. ಹೋಗುವಾಗ, "ಪುಣ್ಯ ಬರ್ಲಿ ನಿಮಗ," ಎಂದ.

ಸೃಷ್ಟಿ ನನ್ನ ಕಡೆ ನೋಡಿದ ನೋಟವನ್ನು ಹೇಳಲಾರೆ. ಮಾಮಾನ ಕೈ ಹಿಡಿದು ನೀರಿನ ಸಪ್ಪಳದ ಕಡೆ ಕರೆದುಕೊಂಡು ಹೋದಳು. ವೈನಿ ನನ್ನ ಬಳಿಯೇ ಉಳಿದಳು. ಬಾಳೆಗಿಡದ ಬುಡದಲ್ಲಿ ಒಂದು ಕಲ್ಲುಬೆಂಚಿತ್ತು. ಅಲ್ಲಿ ಕೂತೆವು.

"ಯಾವಾಗಿಂದ?" ಎಂದೆ.

"ನಿಮ್ಮ ಹೊಸಾ ಮನಿ ವಾಸ್ತುಕ್ಕಿಂತ ಮೊದಲೇ. ಕಣ್ಣಿನ ನರ ಒಣಗಾಕತ್ಯಾವ ಅಂತ ಡಾಕ್ಟರ್ ಹೇಳ್ಯಾರ. ಆಗ ಬಣ್ಣ ಒಂದೀಟು ಕಾಣ್ತಿತ್ತು, ಮುಖ ಕಾಣ್ತಿದ್ದಿಲ್ಲ. ಈಗ ಬಣ್ಣನೂ ಇಲ್ಲ. ನಿನ್ನೆ ದವಾಖಾನಿಗಿ ಬಂದಿದ್ದೆವು. ಹೋದದ್ದು ಹೊಳ್ಳಿ ಬರಂಗಿಲ್ಲ ಅಂದ್ರು."

ರಾತ್ರಿ ಎಲ್ಲಿ ಉಳಿದಿದ್ದಿರಿ ಎಂದು ಕೇಳಿದೆ. ತಾಜಸುಲ್ತಾನಪುರದಲ್ಲಿ ತನ್ನ ತಂಗಿಯ ಮನೆಯಲ್ಲಿ ಎಂದಳು. ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿ ಬಿದ್ದಿವೆ.

"ನನಗ ಯಾಕ ಹೇಳಲಿಲ್ಲ ವೈನಿ?"

"ತಂಗಿ ಮನಿ ವಾಸ್ತು ಅದ, ಅಕಿ ಸಂಭ್ರಮ ಕೆಡಸಬ್ಯಾಡ, ಮುಗದ ಮ್ಯಾಲ ಹೇಳೋಣು ಅಂದ್ರು. ಮುಗದ ಮ್ಯಾಲ ನೀ ಎಲ್ಲಿ ಹೇಳಾಕ ಬಿಟ್ಟಿ?" ವೈನಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸೀರಿ ನಾನೇ ಕೊಡತೀನಿ ಅಂದೆ. ಬ್ಯಾಡ, ತವರಿನ ಆಯೇರಿ ಅಣ್ಣನ ಕೈಲೇ ಆಗಬೇಕು ಅಂದ್ರು. ಹಿಂದಿನ ದಿನ ಸೃಷ್ಟಿಗಿ ಫೋನ್ ಮಾಡಿ, 'ನಾಳಿ ನಿಮ್ಮವ್ವ ಯಾವ ಬಣ್ಣದ ಸೀರಿ ಉಡ್ತಾಳ?' ಅಂತ ಕೇಳಿದ್ರು. ಹಸರು ಅಂತ ಅಂದಳು ಹುಡುಗಿ. ರಾತ್ರಿ ಮನ್ಯಾಗ ನನಗ ಹಸರು ಸೀರಿ ಉಡಿಸಿ ನಿಲ್ಲಿಸಿ, ತಾಟು ಹಿಡಕೊಂಡು ನಾಕ ಸಲ ನಡದು ನೋಡ್ಯಾರ."

ಹಸಿರು ಸೀರೆ ಉಟ್ಟವಳ ಕೈಗೇ ಅವನು ಕೊಟ್ಟಿದ್ದ. ಹಸಿರು ಸೀರೆ ಎರಡಿದ್ದವು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಆ ಚೀಟಿ..." ಎಂದೆ.

"ಅದನ್ನ ಕೇಳಬ್ಯಾಡ."

"ಹೇಳು ವೈನಿ."

"ಅವತ್ತು ಸಂತಿ ಇತ್ತು. ನೀಲಕಂಠ ಗಂಟು ಕೈಗಿ ಕೊಟ್ಟು, ಒಳಗ ಚೀಟಿ ಅದ ಅಂದನಂತ. ಇವರಿಗಿ ಓದಾಕ ಬರಂಗಿಲ್ಲಲ್ಲ. ತಂಗಿ ಬರದಾಳ, ಓದು ಅಂದ್ರಂತ. ಅಂವ ಎಲ್ಲರ ಎದುರಿಗಿ ಜೋರಾಗಿ ಓದ್ಯಾನ."

ಎದ್ದು ನಿಂತೆ. "ಹೋಗು, ಮಾತಾಡ್ಸು. ಅಲ್ಲೇ ಇದ್ದಾರ," ಎಂದಳು ವೈನಿ. ನೀರಿನ ಬಳಿ ಅಣ್ಣ ಕಲ್ಲಿನ ಮೇಲೆ ಕೂತು, ತಲೆ ಒಂದು ಕಡೆ ವಾಲಿಸಿ, ಸೃಷ್ಟಿ ಹೇಳುವುದನ್ನು ಕೇಳುತ್ತಿದ್ದ. ಇಪ್ಪತ್ತು ಹೆಜ್ಜೆ ಇದ್ದಿರಬೇಕು. ನಾನು ಆ ಕಡೆ ಹೋಗದೆ ಗೇಟಿನ ಕಡೆ ಹೊರಟೆ. ಹಿಂದಿನಿಂದ ಗುಲಾಮ್ ರಸೂಲ್, "ಅಮ್ಮಾ, ಚಪ್ಪಲ್!" ಎಂದು ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಸೃಷ್ಟಿ ನನ್ನ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ತಂದಳು. ಬಾಗಿಲಲ್ಲಿ ಇಟ್ಟು, "ಮಾಮಾ ನನಗ ಆಣಿ ಹಾಕಿದ್ದ, ಹೇಳಬ್ಯಾಡ ಅಂತ. ಕನಿಕರಕ್ಕ ಬಂದ್ರ ಬ್ಯಾಡ ಅಂದಿದ್ದ. ಅದಕ್ಕೇ ಅಲ್ಲಿಗಿ ಕರದೆ. ನೀನೇ ಕಂಡು ಮಾತಾಡಸ್ತಿ ಅಂದ್ಕೊಂಡಿದ್ದೆ," ಎಂದಳು. "ಎರಡು ಸೀರಿ ಅವ ಅಂತ ಹೇಳದೇ ಇದ್ದಾಕಿ ನಾನೂ ಹೌದು," ಎಂದು ಒಳಗೆ ಹೋದಳು. ಉಸಿರು ಎಣಿಸು ಎಂದು ಅವತ್ತು ಹೇಳಲಿಲ್ಲ.

ಅಣ್ಣ, ವೈನಿ ಭಾನುವಾರ ಸಂಜೆಯೇ ಊರಿಗೆ ಮರಳಿದ್ದರು. ಸೋಮವಾರ ನಾನು ರಜೆ ಬರೆದುಕೊಟ್ಟು ಕಮಲಾಪುರದ ಬಸ್ಸು ಹತ್ತಿದೆ. ಗಂಡ ಕಾರಿನಲ್ಲಿ ಬಿಡುತ್ತೇನೆ ಎಂದರು, ಬೇಡ ಎಂದೆ. ನನ್ನ ರೊಟ್ಟಿ ಬಂದ, ಸೀರೆ ಹೋದ ಬಸ್ಸಿನಲ್ಲೇ ಹೋಗಬೇಕು ಅನ್ನಿಸಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಕಚೇರಿಯಲ್ಲಿ ಮೆಮೊ ಬರೆಯುವವಳು ನಾನು, ಮಾತಿಗೆ ಬರವಿಲ್ಲ. ಆದರೆ ಜೋಡಿಸಿದ್ದೆಲ್ಲ ನನ್ನ ಪರವಾಗಿಯೇ ಬರುತ್ತಿತ್ತು. ನನಗೆ ಗೊತ್ತಿರಲಿಲ್ಲ, ನೀವು ಹೇಳಲಿಲ್ಲ, ಜನ ನಕ್ಕರು. ಮೂರನ್ನೂ ಹೊಡೆದು ಹಾಕಿದ ಮೇಲೆ ಏನೂ ಉಳಿಯಲಿಲ್ಲ.

ಬಸ್ಸಿಳಿದರೆ ಎದುರಿಗೇ ನೀಲಕಂಠನ ಚಹಾದಂಗಡಿ. ಕಣ್ಣು ತಪ್ಪಿಸಿ ಹೋಗಬಹುದಿತ್ತು. ಅಣ್ಣ ಒಂದೂವರೆ ವರ್ಷ ದಿನವೂ ಆ ಅಂಗಡಿಯ ಮುಂದೆ ಹಾದಿದ್ದಾನೆ. ನಾನು ಹೋಗಿ ಬಾಕಿನ ಮೇಲೆ ಕೂತೆ.

"ಸೂಗಪ್ಪಣ್ಣನ ತಂಗಿ ಅಲ್ಲೇನ್ರಿ?" ಎಂದ ನೀಲಕಂಠ. ಚಹಾ ಇಟ್ಟ.

"ಹೌದ್ರಿ. ಚೀಟಿ ಬರದಾಕಿ ನಾನೇ."

ಅವನು ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಇದ್ದ. "ನಾ ಓದಬಾರದಿತ್ರಿ ಅಕ್ಕಾರ. ಮುಂದ ಏನದ ಅಂತ ನನಗೇನು ಗೊತ್ತು? ಓದಿ ಮುಗಿಸಿದ ಮ್ಯಾಲ ಅಣ್ಣಾರು, 'ಅಕ್ಷರ ಚೆಂದ ಅವೇನು?' ಅಂತ ಕೇಳಿದ್ರು. ಚೆಂದ ಅವ ಅಂದೆ. 'ಹಾಸ್ಟೆಲಿನ್ಯಾಗ ಇದ್ದಾಗಿಂದ ಹಂಗೇ,' ಅಂದು ಗಂಟು ಕಟ್ಟಿಕೊಂಡು ಹೋದ್ರು."

ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟೆ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು, ಎಲ್ಲರೂ ನೆಲ ನೋಡುತ್ತಿದ್ದರು. ಎದ್ದು ಓಣಿಯ ಕಡೆ ನಡೆದೆ.

ಅಣ್ಣ ಅಂಗಳದಲ್ಲಿ ಕೂತು ಬಾಳೆಯ ಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದ. ಪ್ರತಿ ಹಣ್ಣನ್ನೂ ಹೆಬ್ಬೆರಳಿನಿಂದ ಒತ್ತಿ, ಬಲಿತದ್ದು ಒಂದು ಬುಟ್ಟಿಗೆ, ಎಳೆಯದು ಇನ್ನೊಂದಕ್ಕೆ. ವೈನಿ ಒಲೆಯ ಮುಂದೆ ಇದ್ದವಳು ನನ್ನನ್ನು ನೋಡಿ ಹೊಸ್ತಿಲಿಗೆ ಬಂದಳು. ಪಕ್ಕದ ಮನೆಯ ಗೋಡೆಯ ಮೇಲೆ ಎರಡು ತಲೆ ಕಂಡವು. ನಮ್ಮ ಓಣಿಯಲ್ಲಿ ಯಾರು ಬಂದರೂ ಗೋಡೆಯ ಮೇಲೆ ತಲೆ ಏಳುತ್ತವೆ.

"ಯಾರು?" ಎಂದ ಅಣ್ಣ.

ಜೋಡಿಸಿದ ಮಾತು ಒಂದೂ ಇರಲಿಲ್ಲ. "ಆಯೇರಿ ತಗೊಳ್ಳಾಕ ಬಂದೀನಿ ಅಣ್ಣಾ," ಎಂದೆ.

ಅವನ ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು. ಆಮೇಲೆ ಅದನ್ನು ಬುಟ್ಟಿಗೆ ಹಾಕಿ, ಧೋತರಕ್ಕೆ ಕೈ ಒರೆಸಿಕೊಂಡು ಎದ್ದ. "ನಿನ್ನೆ ಆ ಗಾರ್ಡನ್‌ದಾಗ ಹಾದಿಯೊಳಗ ನಿಂತಾಕಿ ನೀನೇ ಇದ್ದಿ ಏನು?" ಎಂದ.

"ಹೂಂ."

"ಸೆರಗು ತಾಗಿದಾಗ ಹಂಗ ಅನಿಸ್ತು. ಮಾತಾಡಲಿಲ್ಲಲ್ಲ, ಅಕಿ ಇರಂಗಿಲ್ಲ ಅಂದ್ಕೊಂಡೆ." ಇಷ್ಟೇ ಹೇಳಿ ಒಳಗೆ ಹೋದ. ಟ್ರಂಕಿನ ಚಿಲಕದ ಸದ್ದಾಯಿತು. ವೈನಿ ಎತ್ತಿ ಕೊಡಲು ಹೋಗಲಿಲ್ಲ.

ಹೊರಗೆ ಬಂದಾಗ ಎರಡೂ ಕೈಯಲ್ಲಿ ಸೀರೆ ಇತ್ತು. ನಾನು ಕಳಿಸಿದ ಕಾಗದದಲ್ಲೇ ಇತ್ತು. ನಾನು ಕಟ್ಟಿದ ದಾರವನ್ನೂ ಬದಲಿಸಿರಲಿಲ್ಲ. ಅಂಗಳದ ನಡುವೆ ಸೆರಗೊಡ್ಡಿ ನಿಂತೆ. ಅವನು ಎಡಗೈ ಮುಂದೆ ಮಾಡಿ ಬಂದ. ಮೊದಲು ನನ್ನ ತಲೆ ಸಿಕ್ಕಿತು, ಆಮೇಲೆ ಹೆಗಲು, ಆಮೇಲೆ ಸೆರಗು ಹಿಡಿದ ಕೈ. ಬಾಳೆಯ ಜಿಗುಟು ಹತ್ತಿದ ಬೆರಳುಗಳು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದವು. ಸೀರೆಯನ್ನು ಸೆರಗಿಗೆ ಇಟ್ಟ. ಇಟ್ಟ ಮೇಲೂ ಕೈ ಬಿಡಲಿಲ್ಲ.

"ಈ ಸಲ ಸರಿಯಾಗಿ ನಿನಗೇ ಕೊಟ್ಟೀನಿಲ್ಲೋ?" ಎಂದು ಕೇಳಿದ.

ಚುಚ್ಚಲಿಕ್ಕೆ ಕೇಳಿದ್ದಲ್ಲ. ನಿಜವಾಗಿ ಗೊತ್ತಾಗಬೇಕಿತ್ತು ಅವನಿಗೆ. ಹಣ್ಣು ಬಲಿತಿದೆಯೋ ಇಲ್ಲವೋ ಎಂದು ಹೆಬ್ಬೆರಳು ಒತ್ತಿ ಕೇಳಿದ ಹಾಗೆಯೇ ಕೇಳಿದ. ನನಗೆ ಅಳು ಉಕ್ಕಿ ಬಂತು. ಜೋರಾಗಿ ತಲೆ ಆಡಿಸಿದೆ, ಹೌದು ಹೌದು ಎಂದು ಮತ್ತೆ ಮತ್ತೆ ಆಡಿಸಿದೆ.

ಅವನು ಹಾಗೇ ನಿಂತಿದ್ದ. ಕೈ ಸೀರೆಯ ಮೇಲೇ ಇತ್ತು. ಮುಖದಲ್ಲಿ ಹಳೆಯ ಹೆದರಿಕೆ ಮೆಲ್ಲಗೆ ಬಂತು. ಮತ್ತೆ ತಪ್ಪಾಯಿತೇನೋ ಎಂದು, ನಗೆ ಏಳುತ್ತದೇನೋ ಎಂದು ಕಿವಿಗೊಟ್ಟು ಕಾದ.

"ತಲಿ ಆಡ್ಸಿದ್ರ ಅವರಿಗಿ ಕಾಣ್ತದೇನು?" ಎಂದಳು ವೈನಿ ಹೊಸ್ತಿಲಿನಿಂದ. "ಬಾಯಿ ಬಿಟ್ಟು ಹೇಳು."

"ನನಗೇ ಕೊಟ್ಟಿ," ಎಂದೆ. ನನಗೇ ಕೇಳಿಸದಷ್ಟು ಸಣ್ಣ ದನಿ ಬಂತು.

"ಜೋರಾಗಿ ಹೇಳು ಶೀಲಾ," ಎಂದಳು ವೈನಿ. "ಅವತ್ತ ಹೇಳಿದಂಗ."

ಗೋಡೆಯ ಮೇಲಿನ ತಲೆಗಳು ನಾಲ್ಕಾಗಿದ್ದವು. ಓಣಿಯಲ್ಲಿ ಹೋಗುವವರೂ ನಿಂತಿದ್ದರು. ನಾನು ಮುಖ ಎತ್ತಿ, ಅವತ್ತು ನಲವತ್ತು ಜನರೆದುರು ಕೂಗಿದ ಅದೇ ಗಂಟಲಿನಿಂದ, ಕೇಳಬೇಕಾದವರೆಲ್ಲ ಕೇಳುವಂತೆ ಹೇಳಿದೆ.

"ನನಗೇ ಕೊಟ್ಟೀ ಅಣ್ಣಾ. ಅವತ್ತೂ ನನಗೇ ಕೊಟ್ಟಿದ್ದಿ. ನನಗ ಕಾಣಲಿಲ್ಲ."

ಗೋಡೆಯ ಮೇಲಿಂದ ಯಾರೂ ನಗಲಿಲ್ಲ. ಆಗ ಅಣ್ಣ ಸೀರೆಯ ಮೇಲಿನಿಂದ ಕೈ ತೆಗೆದ.